ಅಂಗಡಿ ಮುಚ್ಚಿದರೂ ಹಾಡು ಉಳಿಯಲಿ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ರೈತ ತೆಂಗಿನಕಾಯಿಯನ್ನು ಅಟ್ಟಕ್ಕೇರಿಸಿ, ತಿಂಗಳುಗಟ್ಟಲೆ ಕಾದು, ಉಂಡೆ ಕೊಬ್ಬರಿ ಮಾಡಿ ಮಾರುತ್ತಾನೆ. ಕೊಂಡವನು ಅದನ್ನು ಯಾವ ಡಬ್ಬದಲ್ಲಿ ಇಟ್ಟ, ಯಾವ ಅಡುಗೆಗೆ ತುರಿದ ಎಂದು ಯಾರೂ ಕೇಳುವುದಿಲ್ಲ. ಮಂಡಿ ಮುಚ್ಚಿತೆಂದು ಮನೆಯಲ್ಲಿರುವ ಕೊಬ್ಬರಿ ಮಾಯವಾಗುವುದೂ ಇಲ್ಲ. ಆದರೆ ಹಣ ಕೊಟ್ಟು ಕೊಂಡ ಹಾಡಿಗೆ ಈ ಗತಿ ಬಂದದ್ದುಂಟು.

ಗಣಕದಲ್ಲಿ ಹಾಡೆಂದರೆ ಅಂಕಿಗಳ ಸಾಲು. ಸಿ.ಡಿ.ಗಾಗಿ ಧ್ವನಿಯನ್ನು ಸೆಕೆಂಡಿಗೆ 44,100 ಬಾರಿ ಅಳೆದು ದಾಖಲಿಸುತ್ತಾರೆ. ಒಂದು ನಿಮಿಷಕ್ಕೆ ಸುಮಾರು 10 ಮೆಗಾಬೈಟ್ ಜಾಗ ಬೇಕು. ಕಿವಿಗೆ ಅಷ್ಟಾಗಿ ತಿಳಿಯದ ಅಂಶಗಳನ್ನು ಕೈಬಿಟ್ಟು ಅದನ್ನೇ ಕಾಲು ಭಾಗಕ್ಕೂ ಕಡಿಮೆ ಮಾಡುವುದು ಎಂಪಿ3 ವಿಧಾನ. ಈ ಅಂಕಿಗಳನ್ನು ಗೂಢಲಿಪಿಗೆ ತಿರುಗಿಸಿ, ಬಿಡಿಸುವ ಕೀಲಿಯನ್ನು ಮಾರಾಟಗಾರನೇ ಇಟ್ಟುಕೊಂಡರೆ ಅದೇ ‘ಡಿಆರ್‌ಎಂ’ ಎಂಬ ಬೀಗ. ಕಳ್ಳಪ್ರತಿ ತಡೆಯುವುದು ಇದರ ಉದ್ದೇಶ.

ಇದರ ತೊಡಕು 2008ರಲ್ಲಿ ಬಯಲಾಯಿತು. ಯಾಹೂ ಸಂಸ್ಥೆ ತನ್ನ ಸಂಗೀತದ ಅಂಗಡಿ ಮುಚ್ಚುತ್ತಾ, ಸೆಪ್ಟೆಂಬರ್ 30ರ ನಂತರ ಕೀಲಿ ಒದಗಿಸುವುದಿಲ್ಲ ಎಂದು ಪ್ರಕಟಿಸಿತು. ಅಂದರೆ ಹೊಸ ಗಣಕ ಕೊಂಡವರು ತಮ್ಮದೇ ಹಾಡುಗಳನ್ನು ಅದಕ್ಕೆ ಸಾಗಿಸುವಂತಿರಲಿಲ್ಲ. ಟೀಕೆ ಬಂದ ಮೇಲೆ ಸಂಸ್ಥೆ ಪರಿಹಾರ ಕೊಡಲು ಮುಂದಾಯಿತು.

ನಮ್ಮ ಬೆಂಗಳೂರಿನ ಉದಾಹರಣೆ ಬೇರೆ ಪಾಠ ಹೇಳುತ್ತದೆ. ಫ್ಲಿಪ್‌ಕಾರ್ಟ್ 2012ರಲ್ಲಿ ‘ಫ್ಲೈಟ್’ ಎಂಬ ಅಂಗಡಿ ತೆರೆದು, ಬೀಗವಿಲ್ಲದ ಎಂಪಿ3 ಹಾಡುಗಳನ್ನು ಮಾರಿತು. ಮರುವರ್ಷವೇ ಅದು ಮುಚ್ಚಿತು. ಆದರೂ ಹಾಡುಗಳನ್ನು ಇಳಿಸಿಕೊಂಡು ಜೋಪಾನ ಮಾಡಿದವರಿಗೆ ನಷ್ಟವಾಗಲಿಲ್ಲ. ಅಂಗಡಿ ಹೋಯಿತು, ಹಾಡು ಉಳಿಯಿತು.

ಇಂದು ಹಲವು ಮನೆಗಳಲ್ಲಿ ಹಾಡು ಬರುವುದು ತಿಂಗಳ ಚಂದಾದ ಆ್ಯಪ್‌ಗಳಿಂದ. ಅಲ್ಲಿ ‘ಡೌನ್‌ಲೋಡ್’ ಎಂದಿದ್ದರೂ ಅದು ಬಾಡಿಗೆಯೇ. ಚಂದಾ ನಿಂತರೆ ಹಾಡೂ ನಿಲ್ಲುತ್ತದೆ. ಶಾಲಾ ವಾರ್ಷಿಕೋತ್ಸವದ ನೃತ್ಯಕ್ಕೆಂದು ಮಗಳು ಇಳಿಸಿಟ್ಟ ಹಾಡು, ಸಿಗ್ನಲ್ ಸಿಗದ ತೋಟದ ಮನೆಯಲ್ಲಿ, ಅದೂ ಹಿಂದಿನ ದಿನವೇ ಕೈಕೊಟ್ಟರೆ ತಂದೆ ಯಾರನ್ನು ಕೇಳಬೇಕು?

ಹಾಗಾದರೆ ಎಲ್ಲಿ ಕೊಳ್ಳಬಹುದು? ಆ್ಯಪಲ್‌ನ ಐಟ್ಯೂನ್ಸ್ ಅಂಗಡಿ 2009ರಲ್ಲಿ ಬಿಡಿ ಹಾಡುಗಳ ಬೀಗ ತೆಗೆಯಿತು; 2012ರ ಡಿಸೆಂಬರ್‌ನಲ್ಲಿ ಭಾರತಕ್ಕೂ ಬಂತು. ಅದೇ ಸಂಸ್ಥೆಯ ಚಂದಾ ಸೇವೆಯ ಹಾಡುಗಳಿಗೆ ಮಾತ್ರ ಬೀಗ ಉಂಟು. ಬ್ಯಾಂಡ್‌ಕ್ಯಾಂಪ್‌ನಲ್ಲಿ ಕಲಾವಿದರೇ ಬೆಲೆ ಗೊತ್ತುಮಾಡಿ ಬೀಗವಿಲ್ಲದೆ ಮಾರುತ್ತಾರೆ. ಅಲ್ಲಿ ಚಿತ್ರಗೀತೆಗಳಿಗಿಂತ ಸ್ವತಂತ್ರ ಕಲಾವಿದರ ಸಂಗೀತವೇ ಹೆಚ್ಚು. ಇನ್ನು ಹಳೆಯ ಆಡಿಯೋ ಸಿ.ಡಿ. ಮನೆಯಲ್ಲಿದ್ದರೆ ಎಸೆಯಬಾರದು, ಸಾಮಾನ್ಯವಾಗಿ ಅದಕ್ಕೂ ಬೀಗವಿಲ್ಲ.

ಕೊಳ್ಳುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಬೇಕು. ಹಾಡು ಕಡತವಾಗಿ ಕೈಗೆ ಬರುತ್ತದೆಯೇ? ಬೇರೆ ಫೋನಿನಲ್ಲಿ ಹಾಡುತ್ತದೆಯೇ? ಇಂಟರ್‌ನೆಟ್ ಇಲ್ಲದಿದ್ದರೂ, ಚಂದಾ ಮುಗಿದರೂ ಹಾಡುತ್ತದೆಯೇ? ಮೂರಕ್ಕೂ ಹೌದು ಎಂದರೆ ಕೊಳ್ಳಬಹುದು. ಕೊಂಡದ್ದನ್ನು ಪೆನ್‌ಡ್ರೈವ್‌ನಲ್ಲಿ ಇನ್ನೊಂದು ಪ್ರತಿ ಇಟ್ಟುಕೊಳ್ಳುವುದು ಜಾಣತನ.

ಆದರೆ ವಿದ್ಯಾರ್ಥಿಗಳು ಒಂದು ಮಾತು ಮರೆಯಬಾರದು. ಬೇಲಿ ಇಲ್ಲದ ತೋಟವೆಂದು ಯಾರೂ ಎಳನೀರು ಕೆಡವಿಕೊಂಡು ಹೋಗುವುದಿಲ್ಲ. ಬೀಗವಿಲ್ಲದ ಹಾಡನ್ನು ಊರಿಗೆಲ್ಲ ಹಂಚಿದರೆ ಹಾಡಿದವರ ದುಡಿಮೆಗೆ ಬೆಲೆ ಸಿಗದು. ಬೀಗ ಹಾಕದೆ ಮಾರುವವನು ಕೊಳ್ಳುವವನನ್ನು ನಂಬಿದ್ದಾನೆ. ಆ ನಂಬಿಕೆ ಉಳಿದರೆ ಮಾತ್ರ ಅಂಥ ಅಂಗಡಿಗಳೂ ಉಳಿದಾವು.