ರಾಜ್ಯಸಭೆಯ ಲೆಕ್ಕಾಚಾರದಲ್ಲಿ ಮುಂಬಯಿ ಕನ್ನಡಿಗರು ಎಲ್ಲಿ?

ಮಹಾನಗರದ ಕನ್ನಡ ಸಂಘ-ಸಂಸ್ಥೆಗಳ ವಾರ್ಷಿಕೋತ್ಸವಕ್ಕೆ ಊರಿನಿಂದ ರಾಜ್ಯಸಭಾ ಸದಸ್ಯರು ಮುಖ್ಯ ಅತಿಥಿಯಾಗಿ ಆಗಮಿಸಿದರೆ ಶಾಲು, ಫಲಪುಷ್ಪ, ಸ್ಮರಣಿಕೆಯ ಜತೆಗೆ ಒಂದು ಮನವಿ ಪತ್ರವೂ ಅವರ ಕೈಸೇರುವುದು ವಾಡಿಕೆ. ಊರಿಗೆ ಹೆಚ್ಚಿನ ರೈಲು, ಸಂಘದ ಕಟ್ಟಡಕ್ಕೆ ನೆರವು, ಕನ್ನಡ ಶಾಲೆಗಳ ಉಳಿವು ಹೀಗೆ ಬೇಡಿಕೆಗಳ ಪಟ್ಟಿ ಉದ್ದವಾಗಿರುತ್ತದೆ. ಅತಿಥಿಗಳು ಭರವಸೆ ನೀಡಿ ನಿರ್ಗಮಿಸುತ್ತಾರೆ. ಆದರೆ ಅವರನ್ನು ಆರಿಸಿ ಕಳುಹಿಸಿದವರು ಯಾರು, ಮುಂಬಯಿಯಲ್ಲಿ ನೆಲೆಸಿರುವವರ ಪರವಾಗಿ ಮೇಲ್ಮನೆಯಲ್ಲಿ ಮಾತನಾಡಬೇಕಾದವರು ಯಾರು ಎಂಬ ವಿಚಾರ ಸಂಘಗಳ ಸಭೆಗಳಲ್ಲಿ ಚರ್ಚೆಗೆ ಬರುವುದು ಅಪರೂಪ.

ಲೋಕಸಭೆಯ ವಿಷಯ ಎಲ್ಲರಿಗೂ ತಿಳಿದದ್ದೇ. 1967ರಲ್ಲಿ ಮಂಗಳೂರಿನ ಜಾರ್ಜ್ ಫೆರ್ನಾಂಡಿಸ್ ಅವರು ದಕ್ಷಿಣ ಮುಂಬಯಿಯಲ್ಲಿ ಎಸ್.ಕೆ. ಪಾಟೀಲರನ್ನು ಸೋಲಿಸಿದ್ದು ಇಲ್ಲಿನ ಮತದಾರರ ನೇರ ಮತದಿಂದ. ಅದೇ ಜಾರ್ಜ್ 2009ರಲ್ಲಿ ರಾಜ್ಯಸಭೆ ಪ್ರವೇಶಿಸಿದ್ದು ಬಿಹಾರದಿಂದ. ಅಲ್ಲಿ ಜನರು ಮತಗಟ್ಟೆಗೆ ಹೋಗಬೇಕಾದ ಪ್ರಮೇಯವೇ ಇರಲಿಲ್ಲ. ರಾಜ್ಯಸಭೆಗೆ ಮತ ಹಾಕುವವರು ಆಯಾ ರಾಜ್ಯದ ವಿಧಾನಸಭೆಯ ಚುನಾಯಿತ ಸದಸ್ಯರು ಮಾತ್ರ. ವಿಧಾನ ಪರಿಷತ್ತಿನವರಿಗೂ ಇಲ್ಲಿ ಮತವಿಲ್ಲ. ಮಹಾರಾಷ್ಟ್ರಕ್ಕೆ 19, ಕರ್ನಾಟಕಕ್ಕೆ 12 ಸ್ಥಾನಗಳಿವೆ. ಸದಸ್ಯರ ಅವಧಿ ಆರು ವರ್ಷ. ಎರಡು ವರ್ಷಕ್ಕೊಮ್ಮೆ ಮೂರನೇ ಒಂದು ಭಾಗದಷ್ಟು ಸದಸ್ಯರು ನಿವೃತ್ತರಾಗುತ್ತಾರೆ. ಈ ಸದನ ವಿಸರ್ಜನೆಯಾಗುವುದಿಲ್ಲ.

ಇಲ್ಲಿ ಹೆಚ್ಚು ಮತ ಪಡೆದವನೇ ಗೆದ್ದ ಎಂಬ ಸರಳ ಲೆಕ್ಕವಿಲ್ಲ. ಶಾಸಕರು ಅಭ್ಯರ್ಥಿಗಳ ಹೆಸರಿನ ಮುಂದೆ 1, 2, 3 ಎಂದು ಪ್ರಾಶಸ್ತ್ಯ ಬರೆಯಬೇಕು. ಪ್ರತಿ ಮತಕ್ಕೆ 100ರ ಮೌಲ್ಯ. ಸಿಂಧು ಮತಗಳ ಒಟ್ಟು ಮೌಲ್ಯವನ್ನು ಸ್ಥಾನಗಳ ಸಂಖ್ಯೆಗೆ ಒಂದು ಸೇರಿಸಿ ಭಾಗಿಸಿ, ಬಂದ ಉತ್ತರಕ್ಕೆ ಮತ್ತೆ ಒಂದು ಕೂಡಿಸಿದರೆ ಗೆಲುವಿಗೆ ಬೇಕಾದ ಕೋಟಾ ದೊರೆಯುತ್ತದೆ. 2022ರ ಜೂನ್ 10ರಂದು ಮಹಾರಾಷ್ಟ್ರದ ಆರು ಸ್ಥಾನಗಳಿಗೆ ಏಳು ಮಂದಿ ಕಣದಲ್ಲಿದ್ದರು. ಸಿಂಧುವಾದ ಮತಗಳು 284. ಅಂದರೆ ಕೋಟಾ 4058, ಸರಿಸುಮಾರು 41 ಶಾಸಕರ ಬೆಂಬಲ. ಆರನೆಯ ಸ್ಥಾನಕ್ಕೆ ನಡೆದ ಹಣಾಹಣಿಯಲ್ಲಿ ಶಿವಸೇನೆಯ ಸಂಜಯ ಪವಾರ್ ಅವರಿಗೆ ಮೊದಲ ಪ್ರಾಶಸ್ತ್ಯದ 33 ಮತಗಳೂ, ಬಿಜೆಪಿಯ ಧನಂಜಯ ಮಹಾಡಿಕ್ ಅವರಿಗೆ 27 ಮತಗಳೂ ಬಂದಿದ್ದವು. ಗೆದ್ದವರು ಮಹಾಡಿಕ್. ತಮ್ಮ ಪಕ್ಷದ ಇತರ ಅಭ್ಯರ್ಥಿಗಳ ಹೆಚ್ಚುವರಿ ಮತಗಳು ಎರಡನೇ ಪ್ರಾಶಸ್ತ್ಯದ ಮೂಲಕ ಅವರ ಖಾತೆಗೆ ಸೇರಿದ್ದೇ ಇದಕ್ಕೆ ಕಾರಣ.

ಈಗ ಮುಂಬಯಿಯ ಲೆಕ್ಕ ನೋಡಬೇಕು. ಮಹಾರಾಷ್ಟ್ರದ 288 ಶಾಸಕರಲ್ಲಿ 36 ಮಂದಿ ಮುಂಬಯಿ ನಗರ ಮತ್ತು ಉಪನಗರ ಜಿಲ್ಲೆಗಳವರು. ಥಾಣೆ ಜಿಲ್ಲೆಯ 18 ಮಂದಿ ಸೇರಿದರೆ 54. ಕೊಲಾಬಾದಿಂದ ದಹಿಸರ್, ಮುಲುಂಡ್ ದಾಟಿ ಡೊಂಬಿವಲಿ, ಮೀರಾ-ಭಾಯಂದರ್, ನವಿ ಮುಂಬಯಿಯವರೆಗೆ ತುಳು-ಕನ್ನಡಿಗರು ಹರಡಿಕೊಂಡಿರುವ ಪ್ರದೇಶವೇ ಇದು. 2022ರ ಲೆಕ್ಕದಂತೆ ಒಬ್ಬ ರಾಜ್ಯಸಭಾ ಸದಸ್ಯನನ್ನು ಗೆಲ್ಲಿಸಲು ಬೇಕಾದುದಕ್ಕಿಂತ ಹೆಚ್ಚು ಶಾಸಕರು ಈ ಪ್ರದೇಶದಿಂದಲೇ ಆರಿಸಿ ಬರುತ್ತಾರೆ. ಹೀಗಿರುವಾಗ ರಾಜ್ಯಸಭೆಗೂ ತಮಗೂ ಸಂಬಂಧವಿಲ್ಲ ಎಂದು ಇಲ್ಲಿನ ಕನ್ನಡಿಗರು ಭಾವಿಸುವುದು ಸರಿಯಲ್ಲ.

ಶಾಸಕರು ಪಕ್ಷ ಹೇಳಿದವರಿಗೇ ಮತ ಹಾಕುತ್ತಾರೆ, ಸಾಮಾನ್ಯ ಮತದಾರ ಮಾಡುವುದಾದರೂ ಏನು ಎಂದು ಕೆಲವರು ಕೇಳಬಹುದು. ಮಾತಿನಲ್ಲಿ ಸತ್ಯವಿದೆ. 2003ರ ತಿದ್ದುಪಡಿಯ ನಂತರ ರಾಜ್ಯಸಭಾ ಮತದಾನ ಬಹಿರಂಗವಾಗಿದ್ದು, ಗುರುತು ಹಾಕಿದ ಮತಪತ್ರವನ್ನು ಶಾಸಕರು ತಮ್ಮ ಪಕ್ಷದ ಪ್ರತಿನಿಧಿಗೆ ತೋರಿಸಲೇಬೇಕು. ಹಾಗಾಗಿ ನಿರ್ಧಾರ ನಡೆಯುವುದು ಪಕ್ಷದ ಕಚೇರಿಯಲ್ಲಿ. ಆದರೆ ಪಕ್ಷಗಳೂ ಕೊನೆಗೆ ನೋಡುವುದು ಮತದಾರರ ಪಟ್ಟಿಯನ್ನೇ. ಇಲ್ಲಿ ವರ್ಷಗಟ್ಟಲೆ ಬದುಕು ಕಟ್ಟಿಕೊಂಡವರು ಹೆಸರನ್ನು ಊರಿನ ಪಟ್ಟಿಯಲ್ಲೇ ಉಳಿಸಿಕೊಂಡರೆ ಇಲ್ಲಿನ ಪಕ್ಷಗಳಿಗೆ ಅವರು ಲೆಕ್ಕಕ್ಕೇ ಬರುವುದಿಲ್ಲ. ಎರಡೂ ಕಡೆ ಹೆಸರು ಇಟ್ಟುಕೊಳ್ಳಲು ಕಾನೂನಿನಲ್ಲಿ ಅವಕಾಶವಿಲ್ಲ.

ಅದೇ 2003ರ ತಿದ್ದುಪಡಿ ಇನ್ನೊಂದು ಬಾಗಿಲನ್ನೂ ತೆರೆಯಿತು. ಅಭ್ಯರ್ಥಿ ಆಯಾ ರಾಜ್ಯದ ಮತದಾರನಾಗಿರಬೇಕೆಂಬ ನಿಯಮ ಹೋಯಿತು. ಕುಲದೀಪ್ ನಯ್ಯರ್ ಅವರು ಇದನ್ನು ಪ್ರಶ್ನಿಸಿದರೂ 2006ರಲ್ಲಿ ಸುಪ್ರೀಂ ಕೋರ್ಟ್ ತಿದ್ದುಪಡಿಯನ್ನು ಎತ್ತಿಹಿಡಿಯಿತು. 2011ರ ಉಪಚುನಾವಣೆಯಲ್ಲಿ ಮುಂಬಯಿ ನಿವಾಸಿ ಹೇಮಾಮಾಲಿನಿ ಅವರು ಕನ್ನಡದ ಹಿರಿಯ ವಿಮರ್ಶಕ ಕೆ. ಮರುಳಸಿದ್ಧಪ್ಪ ಅವರನ್ನು ಸೋಲಿಸಿ ಕರ್ನಾಟಕದಿಂದ ರಾಜ್ಯಸಭೆಗೆ ಹೋದರು. ಮುಂಬಯಿಯ ಚಿತ್ರತಾರೆಯನ್ನು ಕಳುಹಿಸಲು ಸಾಧ್ಯವಾಗುವುದಾದರೆ, ಮುಂಬಯಿಯಲ್ಲಿ ಕನ್ನಡಕ್ಕಾಗಿ ದುಡಿದವರೊಬ್ಬರನ್ನು ಕಳುಹಿಸಲು ಕಾನೂನಿನ ಅಡ್ಡಿ ಏನೂ ಇಲ್ಲ. ಹೊರನಾಡ ಕನ್ನಡಿಗರ ಬಗ್ಗೆ ವೇದಿಕೆಯಲ್ಲಿ ಅಭಿಮಾನದ ಮಾತನಾಡುವ ಕರ್ನಾಟಕದ ಪಕ್ಷಗಳ ಮುಂದೆ ಈ ಬೇಡಿಕೆಯನ್ನು ಸ್ಪಷ್ಟವಾಗಿ ಇಡಬೇಕಾಗಿದೆ.

ಶ್ರೀ ಕ್ಷೇತ್ರ ಧರ್ಮಸ್ಥಳದ ಧರ್ಮಾಧಿಕಾರಿ ಡಾ. ಡಿ. ವೀರೇಂದ್ರ ಹೆಗ್ಗಡೆ ಅವರು 2022ರಲ್ಲಿ, ಸುಧಾ ಮೂರ್ತಿ ಅವರು 2024ರಲ್ಲಿ ರಾಜ್ಯಸಭೆಗೆ ಹೋದಾಗ ಇಲ್ಲಿನ ಕನ್ನಡಿಗರು ಸಂಭ್ರಮಿಸಿದ್ದು ಸಹಜ. ಆದರೆ ಅವರು ಚುನಾವಣೆಯಿಂದ ಬಂದವರಲ್ಲ, ರಾಷ್ಟ್ರಪತಿಗಳು ನಾಮಕರಣ ಮಾಡುವ 12 ಮಂದಿಯ ಸಾಲಿಗೆ ಸೇರಿದವರು. ನಾಮಕರಣ ಗೌರವ, ಪ್ರಾತಿನಿಧ್ಯ ಮತದಿಂದ ಬರಬೇಕಾದ ಹಕ್ಕು. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಅನುದಾನದ ವಿಷಯದಲ್ಲೂ ಇದೇ ಗೊಂದಲವಿದೆ. ಸಂಸದರ ನಿಧಿ ವರ್ಷಕ್ಕೆ 5 ಕೋಟಿ ರೂಪಾಯಿ. ಚುನಾಯಿತ ರಾಜ್ಯಸಭಾ ಸದಸ್ಯರು ಅದನ್ನು ತಮ್ಮನ್ನು ಆರಿಸಿದ ರಾಜ್ಯದ ಯಾವುದೇ ಜಿಲ್ಲೆಯ ಕಾಮಗಾರಿಗೆ ಶಿಫಾರಸು ಮಾಡಬಹುದು. ರಾಜ್ಯದ ಹೊರಗೆ ನೀಡಲು ಇರುವ ಅವಕಾಶ ತೀರಾ ಸೀಮಿತ. ಊರಿನ ಸದಸ್ಯರಿಗೆ ಮನವಿ ಕೊಟ್ಟು ಕಾಯುವ ಸಂಘಗಳು ಮಹಾರಾಷ್ಟ್ರದಿಂದ ಆರಿಸಿ ಹೋದ 19 ಮಂದಿಯಲ್ಲಿ ಎಷ್ಟು ಜನರನ್ನು ಭೇಟಿಯಾಗಿವೆ?

ರಾಜ್ಯದ ಮೇಲ್ಮನೆಯಾದ ವಿಧಾನ ಪರಿಷತ್ತಿನಲ್ಲಿಯಂತೂ ಕನ್ನಡಿಗರಿಗೆ ನೇರ ಅವಕಾಶವೇ ಇದೆ. ಮುಂಬಯಿ ಪದವೀಧರ ಮತ್ತು ಶಿಕ್ಷಕರ ಕ್ಷೇತ್ರಗಳಿಗೆ 2024ರ ಜೂನ್‌ನಲ್ಲಿ ಚುನಾವಣೆ ನಡೆಯಿತು. ಪದವಿ ಪಡೆದು ಮೂರು ವರ್ಷ ಕಳೆದ ಸ್ಥಳೀಯ ನಿವಾಸಿಗಳು ಪದವೀಧರ ಪಟ್ಟಿಗೆ ಹೆಸರು ಸೇರಿಸಬಹುದು. ಆದರೆ ಈ ಪಟ್ಟಿ ಪ್ರತಿ ಚುನಾವಣೆಗೂ ಹೊಸದಾಗಿ ತಯಾರಾಗುತ್ತದೆ. ಹಿಂದೆ ನೋಂದಾಯಿಸಿದವರೂ ಮತ್ತೆ ಅರ್ಜಿ ಸಲ್ಲಿಸಬೇಕು. ರಾತ್ರಿ ಶಾಲೆಗಳಲ್ಲಿ ಕಲಿತು ಪದವೀಧರರಾದ ಕನ್ನಡಿಗರ ಪರಂಪರೆ ಇರುವ ಈ ನಗರದಲ್ಲಿ ಆ ಪಟ್ಟಿಯಿಂದ ಅವರು ದೂರ ಉಳಿಯುವುದು ವಿಷಾದಕರ.

ಆದುದರಿಂದ ಸಂಘ-ಸಂಸ್ಥೆಗಳು ವಿದ್ಯಾರ್ಥಿವೇತನ ವಿತರಣೆ, ವೈದ್ಯಕೀಯ ಶಿಬಿರಗಳಂತೆಯೇ ಮತದಾರರ ನೋಂದಣಿ ಶಿಬಿರವನ್ನೂ ತಮ್ಮ ವಾರ್ಷಿಕ ಕಾರ್ಯಕ್ರಮಗಳಲ್ಲಿ ಸೇರಿಸಿಕೊಳ್ಳಬೇಕು. ವಿಧಾನಸಭಾ ಚುನಾವಣೆಯ ಹೊತ್ತಿಗೆ ಮತ ಕೇಳಲು ಬರುವ ಅಭ್ಯರ್ಥಿಗಳ ಮುಂದೆ, ಮೇಲ್ಮನೆಯಲ್ಲಿ ಕನ್ನಡಿಗರ ಪ್ರಾತಿನಿಧ್ಯದ ಬಗ್ಗೆ ಅವರ ಪಕ್ಷದ ನಿಲುವೇನು ಎಂಬ ಪ್ರಶ್ನೆ ಇಡಬೇಕು. ಜಾತೀಯ ಸಂಘಟನೆಗಳು ಬೇರೆ ಬೇರೆಯಾಗಿ ಹೋಗುವ ಬದಲು ಈ ಒಂದು ವಿಷಯಕ್ಕಾದರೂ ಒಟ್ಟಾಗಿ ಹೋದರೆ ಮಾತಿಗೆ ತೂಕ ಬಂದೀತು. ಮನವಿ ಪತ್ರಕ್ಕೆ ಬೆಲೆ ಬರುವುದು ಅದರ ಹಿಂದೆ ಮತವಿದ್ದಾಗ ಮಾತ್ರ.