ಗರಿಕೆ ಕಳೆ ಅಂತ ಹೇಳಿದ್ದು ಯಾರು?

(ಮನೆ ಮುಂದಿನ ಮಣ್ಣು – 4)

ಗಣೇಶನ ಹಬ್ಬದ ಹಿಂದಿನ ದಿನ ಮಾರ್ಕೆಟ್‌ಗೆ ಹೋಗಿ ಒಂದು ಕಟ್ಟು ಗರಿಕೆಗೆ ದುಡ್ಡು ಕೊಡ್ತೀವಿ. ಉಳಿದ ದಿನ ಅದೇ ಗರಿಕೆ ಅಂಗಳದಲ್ಲಿ ಕಂಡ್ರೆ ಕಿತ್ತು ಬಿಸಾಕ್ತೀವಿ. ಆ ಜಾಗಕ್ಕೆ ನರ್ಸರಿಯಿಂದ ಚಾಪೆ ಥರ ಕತ್ತರಿಸಿ ಕೊಡೋ ಕಾರ್ಪೆಟ್ ಹುಲ್ಲು ತಂದು ಹಾಸಿ, ಬೇಸಿಗೆಯಿಡೀ ಪೈಪ್ ಹಿಡ್ಕೊಂಡು ನಿಲ್ತೀವಿ. ನನಗಂತೂ ಇದು ಒಪ್ಪಿಗೆಯಿಲ್ಲ.

2024ರ ಮಾರ್ಚ್ ನೆನಪಿದೆಯಾ? ಬೆಂಗಳೂರಲ್ಲಿ ಬೋರ್‌ವೆಲ್ ಬತ್ತಿ ಜನ ಟ್ಯಾಂಕರ್‌ಗೆ ಕಾಯ್ತಿದ್ದಾಗ, ಕುಡಿಯೋ ನೀರನ್ನ ಕೈತೋಟಕ್ಕೆ, ಕಾರು ತೊಳೆಯೋಕೆ ಬಳಸಿದ್ರೆ 5000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಮಾಡ್ತು. ಅಂಥ ಊರಲ್ಲಿ ದಿನಾ ನೀರು ಕೇಳೋ ಹುಲ್ಲು ಯಾಕೆ?

ಗರಿಕೆಗೆ ನಮ್ಮ ಬಿಸಿಲು ಗೊತ್ತು. ನೆಲದ ಮೇಲೆ ಬಳ್ಳಿಯಂತೆ ಹರಿದು ಗೆಣ್ಣುಗೆಣ್ಣಿಗೂ ಬೇರು ಬಿಡುತ್ತೆ. ಮಣ್ಣಿನೊಳಗೂ ಕಾಂಡ ಹರಡಿರುತ್ತೆ. ನೀರಿಲ್ಲದ ಏಪ್ರಿಲ್‌ನಲ್ಲಿ ಮೇಲೆ ಒಣಗಿ ಕಂದು ಬಣ್ಣಕ್ಕೆ ತಿರುಗಿದರೂ ಒಳಗೆ ಜೀವ ಹಿಡಿದಿರುತ್ತೆ, ಒಳ್ಳೆ ಮಳೆ ಬಿದ್ದರೆ ಮತ್ತೆ ಹಸಿರು. 'ಗರಿಕೆ ಥರ ವಂಶ ಹಬ್ಬಲಿ' ಅಂತ ಅಜ್ಜಿಯರು ಹರಸೋದು ಸುಮ್ಮನೆ ಅಲ್ಲ. ಇನ್ನೊಂದು ತಮಾಷೆ ಹೇಳ್ಲಾ? 'ಬರ್ಮುಡಾ ಗ್ರಾಸ್' ಅಂತ ಪ್ಯಾಕೆಟ್‌ನಲ್ಲಿ ಬೀಜ ಮಾರ್ತಾರಲ್ಲ, ಅದೂ ಗರಿಕೆಯೇ! ಬರ್ಮುಡಾ ದ್ವೀಪಕ್ಕೇ ಅದು ಹೊರಗಿನಿಂದ ಹೋಗಿದ್ದು.

ರೈತರ ಮನೆಯ ಗೆಳೆಯರು ಈಗ ನಗ್ತಿರ್ತೀರಿ, ಗೊತ್ತು. ಹೊಲಕ್ಕೆ ಹೊಕ್ಕ ಗರಿಕೆಯ ಒಂದು ತುಂಡು ಉಳಿದ್ರೂ ಮತ್ತೆ ಚಿಗುರುತ್ತೆ. ಅಲ್ಲಿ ಅದು ಕಳೆಯೇ, ವಾದ ಇಲ್ಲ. ತರಕಾರಿ ಮಡಿ ಪಕ್ಕ ನೆಡಬೇಡಿ. ಮರದ ಕೆಳಗೂ ಬೇಡ, ನೆರಳಲ್ಲಿ ಸೊರಗುತ್ತೆ. ವರ್ಷವಿಡೀ ಫೋಟೋಗೆ ಹೊಳೆಯೋ ಹಸಿರೇ ಬೇಕು ಅನ್ನೋರಿಗೂ ಇದಾಗಲ್ಲ. ಬೇಸಿಗೆಯಲ್ಲಿ ಅಂಗಳ ಕಂದಾಗಿದ್ರೆ ಅವಮಾನ ಏನಿದೆ, ಹೇಳಿ?

ಶುರು ಮಾಡೋಕೆ ಜೂನ್ ಸರಿಯಾದ ಹೊತ್ತು. ಕಳೆನಾಶಕ ಹೊಡೆಯದ ಜಾಗದಿಂದ ಎರಡು-ಮೂರು ಗೆಣ್ಣಿರೋ ತುಂಡು ತಂದು, ಗೇಣಿಗೊಂದರಂತೆ ನೆಡಿ. ಬೇರು ಹಿಡಿಯೋವರೆಗೆ ಮಣ್ಣು ಒಣಗದ ಹಾಗೆ ನೋಡ್ಕೊಳ್ಳಿ, ಆಮೇಲೆ ಮಳೆಗೆ ಬಿಡಿ. ಮನೆಯಲ್ಲಿ ಬೈದ್ರೆ, ಹಬ್ಬದ 21 ಗರಿಕೆ ಇನ್ಮೇಲೆ ಇಲ್ಲೇ ಸಿಗುತ್ತೆ ಅಂತ ಹೇಳಿ. ನಿಮ್ಮನೇಲಿ ಟೈಲ್ಸ್ ಸಂದಿಯಲ್ಲಾದ್ರೂ ಗರಿಕೆ ಇದ್ರೆ ಫೋಟೋ ಹಾಕಿ, ಟ್ಯಾಗ್ ಮಾಡಿ.

#ಗರಿಕೆ #ಮನೆಮುಂದಿನಮಣ್ಣು