ಹೆಣ್ಣುಮಕ್ಕಳ ಕಾಲೇಜು ವ್ಯಾಸಂಗವೂ ತಾಯ್ತಂದೆಗಳ ಸಂಕೋಚವೂ



ಈ ಸ್ಮರಣ ಸಂಚಿಕೆಗೆ ಏನಾದರೂ ಬರೆದು ಕಳುಹಿಸಬೇಕೆಂದು ಮುಖ್ಯೋಪಾಧ್ಯಾಯಿನಿಯವರು ಅಪ್ಪಣೆ ಮಾಡಿದಾಗ, ಶಾಲೆಯ ದಿನಗಳ ನೆನಪನ್ನು ಬರೆಯುವುದೇ ಸುಲಭವೆಂದು ಮೊದಲು ತೋರಿತು. ಆದರೆ ಅದನ್ನು ನನಗಿಂತ ಚೆನ್ನಾಗಿ ಬರೆಯಬಲ್ಲ ಹಳೆಯ ವಿದ್ಯಾರ್ಥಿನಿಯರು ಅನೇಕರಿದ್ದಾರೆ. ನಾವು ಒಂದೆಡೆ ಸೇರಿದಾಗ ಎಲ್ಲ ವಿಷಯಗಳನ್ನೂ ಮಾತನಾಡುತ್ತೇವೆ. ಹಣದ ವಿಷಯವೊಂದನ್ನು ಮಾತ್ರ ಎತ್ತುವುದಿಲ್ಲ. ಈ ಮೌನದಿಂದ ನಮ್ಮ ಹೆಣ್ಣುಮಕ್ಕಳಿಗೆ ಆಗುತ್ತಿರುವ ನಷ್ಟವು ಅಲ್ಪವಲ್ಲವೆಂದು ನನಗೆ ಅನುಭವದಿಂದ ತಿಳಿದುಬಂದಿದೆ. ಆದಕಾರಣ ಅದನ್ನೇ ಬರೆಯಲು ಮನಸ್ಸು ಮಾಡಿದೆನು.

ನಮ್ಮದು ಕ್ಯಾಸನೂರು. 1957ರಲ್ಲಿ ಇಲ್ಲಿಯ ಕಾಡಿನಲ್ಲಿ ಕಂಡುಬಂದ ಮಂಗನ ಕಾಯಿಲೆಯ ದೆಸೆಯಿಂದ ನಮ್ಮ ಊರಿನ ಹೆಸರು ಪ್ರಪಂಚದ ವೈದ್ಯಗ್ರಂಥಗಳಲ್ಲಿ ಸೇರಿಹೋಗಿದೆ. ಆದರೆ ಅಂಥ ಗ್ರಂಥಗಳನ್ನು ಓದುವ ಮಟ್ಟಕ್ಕೆ ಏರಿದ ಊರಿನ ಹೆಣ್ಣುಮಕ್ಕಳು, ನಾನು ಬಲ್ಲಂತೆ, ಇನ್ನೂ ಕೆಲವರೇ. ಕಳೆದ ವರ್ಷ ನನ್ನ ಮಗಳಿಗೆ ದೂರದ ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ಸ್ಥಾನ ದೊರೆಯಿತು. ಶುಲ್ಕದ ಪಟ್ಟಿಯನ್ನು ನಮ್ಮ ಯಜಮಾನರು ಎರಡು ಸಾರಿ ಓದಿ, ಮಡಿಸಿ, ಪಂಚಾಂಗದೊಳಗೆ ಇಟ್ಟರು. "ಸೊರಬದಲ್ಲಿಯೇ ಡಿಗ್ರಿ ಕಾಲೇಜು ಇದೆಯಲ್ಲ, ಬಸ್ಸಿನಲ್ಲಿ ಹೋಗಿ ಬರಬಹುದು" ಎಂದರು. ಹುಡುಗಿ ಮರುಮಾತಾಡದೆ ಒಳಗೆ ಹೋದಳು. ಅವಳು ಅತ್ತಿದ್ದರೆ ನನಗೆ ಅಷ್ಟು ದುಃಖವಾಗುತ್ತಿರಲಿಲ್ಲ. ನಾಲ್ಕು ವರ್ಷದ ಹಿಂದೆ ಅವಳ ಅಣ್ಣನ ಶುಲ್ಕಕ್ಕಾಗಿ ಎರಡೇ ದಿವಸದಲ್ಲಿ ಸಾಲ ತಂದಿದ್ದೆವೆಂಬುದು ಅವಳಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು.

ನಮ್ಮ ಯಜಮಾನರು ಕಠಿಣ ಹೃದಯದವರಲ್ಲ. ಅದೇ ವಾರ ಅವರು ಮಗಳ ಮದುವೆಗೆಂದು ಕೂಡಿಟ್ಟ ಹಣದ ಮಾತೆತ್ತಿ, ಅದನ್ನು ಮುಟ್ಟಬಾರದೆಂದರು. ಮದುವೆಗೆ ಸಾಲ ಮಾಡುವುದು ನಮ್ಮಲ್ಲಿ ಮರ್ಯಾದೆಯ ಸಂಗತಿ. ತೋಟಕ್ಕೆ ಸಾಲ ಮಾಡುವುದು ವಿವೇಕ. ಮಗಳ ಓದಿಗೆ ಸಾಲ ಮಾಡುವುದು ಮಾತ್ರ ಅವಿವೇಕವೆನಿಸಿಕೊಳ್ಳುತ್ತದೆ. ಇನ್ನು ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವುದೆಂದರೆ ಕೈಯೊಡ್ಡಿದಂತೆ. ಹೆಣ್ಣುಮಕ್ಕಳ ದಾರಿಯನ್ನು ಶುಲ್ಕವು ಅಡ್ಡಗಟ್ಟುವುದಕ್ಕೆ ಮೊದಲೇ ಈ ಸಂಕೋಚವು ಅಡ್ಡಗಟ್ಟುತ್ತದೆ ಎಂಬುದೇ ನನ್ನ ಅಭಿಪ್ರಾಯ.

ಕೇಳಿ ಪಡೆದು ಓದುವುದು ನಮ್ಮ ನಾಡಿಗೆ ಹೊಸದಲ್ಲ. ನಮ್ಮ ಹಿರಿಯರ ಕಾಲದಲ್ಲಿ ಎಷ್ಟೋ ಮಂದಿ ಬಡ ಹುಡುಗರು ವಾರಾನ್ನ ಮಾಡಿಕೊಂಡು, ದಿನಕ್ಕೊಂದು ಮನೆಯಲ್ಲಿ ಉಂಡು, ಓದಿ ಮುಂದೆ ಬಂದರು. ಅದನ್ನು ಯಾರೂ ಹೀನವೆಂದು ಎಣಿಸಲಿಲ್ಲ. ಆದರೆ ಆ ಏರ್ಪಾಟು ಗಂಡುಮಕ್ಕಳದಾಗಿತ್ತು. ಹೆಣ್ಣುಮಕ್ಕಳಿಗೆ ಹಣದ ನೆರವು ದೊರೆತರೆ ಏನಾಗುತ್ತದೆಂಬುದಕ್ಕೆ ನಂಜನಗೂಡಿನಲ್ಲಿ 1922ರಲ್ಲಿ ಜನಿಸಿದ ರಾಜೇಶ್ವರಿ ಚಟರ್ಜಿಯವರ ಜೀವನವೇ ಸಾಕ್ಷಿ. 1946ರಲ್ಲಿ ಸರಕಾರದ ಶಿಷ್ಯವೃತ್ತಿಗೆ ಆಯ್ಕೆಯಾಗಿ, 1947ರಲ್ಲಿ ಹಡಗನ್ನೇರಿ ಅಮೆರಿಕಕ್ಕೆ ಹೋಗಿ, ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದು, 1953ರಲ್ಲಿ ಬೆಂಗಳೂರಿಗೆ ಮರಳಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಧ್ಯಾಪಕರಾದರು. ಆ ಮಹನೀಯರು ಶಿಷ್ಯವೃತ್ತಿಯನ್ನು ಭಿಕ್ಷೆಯೆಂದು ತಿಳಿದು ಹಿಂಜರಿದಿದ್ದರೆ ನಷ್ಟ ಯಾರಿಗೆ?

ಈಗ ನಮ್ಮ ಅನುಭವಕ್ಕೆ ಬರುತ್ತೇನೆ. ಆ ರಾತ್ರಿ ನಾನೂ ಮಗಳೂ ಪಂಚಾಂಗದಿಂದ ಪಟ್ಟಿಯನ್ನು ಹೊರತೆಗೆದು ಲೆಕ್ಕ ಬರೆದೆವು. ಬೋಧನಾ ಶುಲ್ಕ, ವಸತಿ, ಊಟ, ಪುಸ್ತಕ, ಬಸ್ಸಿನ ಖರ್ಚು, ಇವುಗಳನ್ನು ಬೇರೆಬೇರೆಯಾಗಿ ಬರೆದಾಗ ಒಟ್ಟು ಮೊತ್ತದ ಭಯ ಅರ್ಧ ಇಳಿಯಿತು. ಅನಂತರ ಬರಬಹುದಾದ ನೆರವನ್ನು ಮೂರು ಪಾಲಾಗಿ ಮಾಡಿದೆವು: ಶುಲ್ಕದಲ್ಲಿಯೇ ಬಿಡುವ ಮಾಫಿ, ಮರಳಿ ಕೊಡಬೇಕಾಗಿಲ್ಲದ ವಿದ್ಯಾರ್ಥಿವೇತನ, ಮರಳಿ ಕೊಡಲೇಬೇಕಾದ ಸಾಲ. ಈ ಮೂರನ್ನೂ ಒಂದೇ ಎಂದು ತಿಳಿಯುವುದರಿಂದಲೇ ಅನೇಕ ಮನೆಗಳಲ್ಲಿ ಗೊಂದಲವುಂಟಾಗುತ್ತದೆ.

ಮಾಫಿಯ ವಿಚಾರ: ಇಂಜಿನಿಯರಿಂಗ್ ಮುಂತಾದ ಕೋರ್ಸುಗಳಲ್ಲಿ ಶೇಕಡಾ 5ರವರೆಗೆ ಹೆಚ್ಚುವರಿ ಸ್ಥಾನಗಳುಂಟು, ವರ್ಷಕ್ಕೆ 8 ಲಕ್ಷ ರೂಪಾಯಿಗಿಂತ ಕಡಿಮೆ ಆದಾಯದ ಮನೆಯ ಮಕ್ಕಳಿಗೆ ಅವುಗಳಲ್ಲಿ ಬೋಧನಾ ಶುಲ್ಕವಿಲ್ಲ. ಆದರೆ ಸಿ.ಇ.ಟಿ. ಅರ್ಜಿಯ ಕಾಲದಲ್ಲಿಯೇ ಆದಾಯ ಪತ್ರ ಕೈಯಲ್ಲಿರಬೇಕು. ಅದು ನಮ್ಮ ಕೈಯಲ್ಲಿರಲಿಲ್ಲ. ಆ ಬಾಗಿಲು ನಮಗೆ ಮುಚ್ಚಿತು. ವೇತನಗಳ ಪೈಕಿ, ತಾಂತ್ರಿಕ ಶಿಕ್ಷಣ ಪಡೆಯುವ ಹೆಣ್ಣುಮಕ್ಕಳಿಗೆಂದೇ ಇರುವ ಪ್ರಗತಿ ವಿದ್ಯಾರ್ಥಿವೇತನವು ವರ್ಷಕ್ಕೆ 50,000 ರೂಪಾಯಿ. ಆದಾಯದ ಮಿತಿ 8 ಲಕ್ಷ, ಒಂದು ಮನೆಗೆ ಇಬ್ಬರು ಹುಡುಗಿಯರು. ಹಿಂದುಳಿದ ವರ್ಗದವರಲ್ಲಿ ಹಾಸ್ಟೆಲಿನಲ್ಲಿ ಸ್ಥಳ ಸಿಕ್ಕದವರಿಗಾಗಿ ರಾಜ್ಯ ಸರಕಾರವು 2013ರಲ್ಲಿ ವಿದ್ಯಾಸಿರಿಯನ್ನು ಆರಂಭಿಸಿ, ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳು ಕೊಡುವ ಏರ್ಪಾಟು ಮಾಡಿತು. 2021ರಲ್ಲಿ ರೈತರ ಮಕ್ಕಳಿಗಾಗಿ ಹೊರಟ ರೈತ ವಿದ್ಯಾನಿಧಿಯಲ್ಲಿ ಇಂಜಿನಿಯರಿಂಗ್ ಹುಡುಗರಿಗೆ 10,000 ರೂಪಾಯಿ, ಹುಡುಗಿಯರಿಗೆ 11,000 ರೂಪಾಯಿ ಎಂದು ಗೊತ್ತುಮಾಡಿದ್ದರು. ಇಂಥವುಗಳ ಮೊತ್ತವೂ ನಿಯಮವೂ ಬದಲಾಗುತ್ತಿರುತ್ತವೆ. ಆ ವರ್ಷದ ಪ್ರಕಟಣೆಯನ್ನು ಸರಕಾರದ ವಿದ್ಯಾರ್ಥಿವೇತನ ಪೋರ್ಟಲಿನಲ್ಲಿಯೇ ನೋಡತಕ್ಕದ್ದು.

ಇಲ್ಲಿ ನಾವು ಮಾಡಿದ ತಪ್ಪನ್ನೂ ಹೇಳಬೇಕು. ಮಗಳ ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ ಇನಿಷಿಯಲ್ ಹೆಸರಿನ ಹಿಂದೆ ಇತ್ತು. ಆಧಾರ್ ಕಾರ್ಡಿನಲ್ಲಿ ತಂದೆಯ ಪೂರ್ಣ ನಾಮಧೇಯವೇ ಇತ್ತು. ಅವಳ ಬ್ಯಾಂಕು ಖಾತೆಗೆ ಆಧಾರ್ ಜೋಡಣೆಯೂ ಆಗಿರಲಿಲ್ಲ. ಇಷ್ಟರಿಂದಲೇ ಅರ್ಜಿ ತಿಂಗಳುಗಟ್ಟಲೆ ನಿಂತಿತು. ಹತ್ತನೆಯ ತರಗತಿಯ ನೋಂದಣಿಯ ವೇಳೆಗೇ ಹೆಸರನ್ನು ಒಂದೇ ರೀತಿಯಾಗಿ ಬರೆಸುವುದು, ನಾಡಕಚೇರಿಯಿಂದ ಜಾತಿ ಮತ್ತು ಆದಾಯ ಪತ್ರಗಳನ್ನು ತಂದಿಡುವುದು, ಇವು ಯಾವ ಬಡವರ ಕೈಯಿಂದಲೂ ಆಗುವ ಕೆಲಸಗಳು. ಇನ್ನೊಂದು ಮಾತು: ವೇತನದ ಹಣವನ್ನು ನಂಬಿ ಮೊದಲ ಕಂತಿನ ಶುಲ್ಕವನ್ನು ಲೆಕ್ಕ ಹಾಕಬಾರದು. ಶುಲ್ಕ ಕೇಳುವುದು ಬೀಜಕ್ಕೂ ಗೊಬ್ಬರಕ್ಕೂ ಹಣ ಬೇಕಾದ ಮಳೆಗಾಲದಲ್ಲಿ. ಅಡಕೆಯ ಹಣ ಬರುವುದು ಕೊಯ್ಲಿನ ಮೇಲೆ. ವೇತನ ಬರುವುದು ಅದಕ್ಕೂ ತಡವಾಗಿ. ನಾವು ಕಾಲೇಜಿಗೆ ಹೋಗಿ ಕಂತು ಕೇಳಿದೆವು. ಕೇಳಿದ್ದರಿಂದ ಕೊಟ್ಟರು.

ಸಾಲದ ವಿಷಯದಲ್ಲಿ ಭಯವೂ ಬೇಡ, ಉದಾಸೀನವೂ ಬೇಡ. ನಾಲ್ಕು ಲಕ್ಷದವರೆಗಿನ ವಿದ್ಯಾಸಾಲಕ್ಕೆ ಬ್ಯಾಂಕು ಆಸ್ತಿಯ ಆಧಾರವನ್ನು ಕೇಳಕೂಡದೆಂಬ ನಿಯಮವಿದೆ. ತಂದೆಯೋ ತಾಯಿಯೋ ಜೊತೆಗೆ ಸಹಿ ಮಾಡಬೇಕು. 2024ರ ನವೆಂಬರಿನಲ್ಲಿ ಕೇಂದ್ರ ಸರಕಾರವು ಒಪ್ಪಿದ ಪ್ರಧಾನಮಂತ್ರಿ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ, ಆಯ್ದ ಸಂಸ್ಥೆಗಳಲ್ಲಿ ಓದುವವರಿಗೆ ಆಸ್ತಿಯ ಆಧಾರವಿಲ್ಲದೆ ಸಾಲ ದೊರೆಯುತ್ತದೆ. 8 ಲಕ್ಷದವರೆಗೆ ಆದಾಯವುಳ್ಳವರಿಗೆ, ಬೇರೆ ಸರಕಾರಿ ವೇತನವನ್ನು ಪಡೆಯದಿದ್ದಲ್ಲಿ, 10 ಲಕ್ಷದವರೆಗಿನ ಸಾಲದ ಬಡ್ಡಿಯಲ್ಲಿ ಶೇಕಡಾ 3 ರಿಯಾಯಿತಿಯುಂಟು. ಯಾವುದು ಲಾಭವೆಂದು ಮೊದಲೇ ತೂಗಿ ನೋಡಬೇಕು.

ಸಾಲದ ನಿಜವಾದ ಭಾರವನ್ನೂ ಮಕ್ಕಳಿಗೆ ತಿಳಿಸಬೇಕು. ವರ್ಷಾರಂಭಕ್ಕೆ ಒಂದು ಲಕ್ಷದಂತೆ ನಾಲ್ಕು ವರ್ಷ, ನೂರಕ್ಕೆ ಹತ್ತರ ಸರಳ ಬಡ್ಡಿಯಲ್ಲಿ ಸಾಲ ತೆಗೆದರೆ, ವ್ಯಾಸಂಗ ಮುಗಿದು ಒಂದು ವರ್ಷವಾಗುವ ಹೊತ್ತಿಗೆ ಬಡ್ಡಿಯೇ 1,40,000 ರೂಪಾಯಿಯಾಗಿ, ತೀರಿಸಬೇಕಾದದ್ದು 5,40,000 ಆಗುತ್ತದೆ. ಆದರೆ ಮೊದಲ ವರ್ಷ ತಿಂಗಳ ಬಡ್ಡಿ ಸುಮಾರು 833 ರೂಪಾಯಿ ಮಾತ್ರ. ಅದನ್ನು ಆಗಾಗಲೇ ಕಟ್ಟುತ್ತ ಬಂದರೆ ಗಂಟು ಬೆಳೆಯುವುದಿಲ್ಲ. ಈ ಲೆಕ್ಕವನ್ನು ಕಂಡ ಮೇಲೆ ನಮ್ಮ ಯಜಮಾನರೇ ಸಹಿ ಹಾಕಿದರು. ಮಗಳು, "ಅಮ್ಮಾ, ಇದರಲ್ಲಿ ನಾನು ತೀರಿಸಬೇಕಾದದ್ದು ಎಷ್ಟು ಎಂದು ಒಂದು ಪುಸ್ತಕದಲ್ಲಿ ಬರೆದಿಡು" ಎಂದಳು. ಆ ಪುಸ್ತಕವು ಈಗಲೂ ಪಂಚಾಂಗದ ಪಕ್ಕದಲ್ಲಿದೆ.

ಹೆಣ್ಣುಮಗಳ ಹೆಸರಿನಲ್ಲಿ ಸಾಲವಿದ್ದರೆ ನಾಳೆ ವರನ ಕಡೆಯವರು ಏನೆಂದಾರು ಎಂದು ಹಿರಿಯರೊಬ್ಬರು ನನ್ನನ್ನು ಕೇಳಿದರು. ಪ್ರಶ್ನೆಯನ್ನು ನಾನು ತಳ್ಳಿಹಾಕುವುದಿಲ್ಲ. ನಮ್ಮ ಸಮಾಜದಲ್ಲಿ ಅದು ನಿಜವಾದ ಪ್ರಶ್ನೆಯೇ. ಆದರೆ ಮದುವೆಗೆ ಮಾಡಿದ ಸಾಲವನ್ನು ತಂದೆಯೊಬ್ಬನೇ ತೀರಿಸಬೇಕು. ಓದಿಗೆ ಮಾಡಿದ ಸಾಲವನ್ನು ತೀರಿಸುವ ಶಕ್ತಿಯನ್ನು ಆ ಓದೇ ಕೊಡುತ್ತದೆ. ಹಾಗೆಂದು ಎಲ್ಲ ಸಾಲವೂ ಯೋಗ್ಯವೆಂದು ನಾನು ವಾದಿಸುವುದಿಲ್ಲ. ಹೆಸರಿಲ್ಲದ ಕಾಲೇಜಿನ ದುಬಾರಿ ಸ್ಥಾನಕ್ಕಾಗಿ ತೋಟವನ್ನು ಒತ್ತೆಯಿಡುವುದಕ್ಕಿಂತ ಸೊರಬದ ಡಿಗ್ರಿಯೇ ಮೇಲು. ಆ ತೀರ್ಮಾನವನ್ನು ಲೆಕ್ಕ ನೋಡಿ ಮಾಡಬೇಕು, ಸಂಕೋಚದಿಂದ ಮಾಡಬಾರದು, ಮಗಳನ್ನು ಕೇಳದೆ ಖಂಡಿತ ಮಾಡಬಾರದು.

ಕೊನೆಯದಾಗಿ ಹಳೆಯ ವಿದ್ಯಾರ್ಥಿನಿಯರಲ್ಲಿ ನನ್ನದೊಂದು ಬಿನ್ನಹ. ಪ್ರತಿ ವರ್ಷ ಪರೀಕ್ಷಾ ಫಲಿತಾಂಶದ ವಾರದಲ್ಲಿ, ಅರ್ಜಿ ತುಂಬಿ ಅನುಭವವಿರುವ ನಮ್ಮಲ್ಲಿ ನಾಲ್ವರು ಈ ಶಾಲೆಯ ಒಂದು ಕೊಠಡಿಯಲ್ಲಿ ಎರಡು ದಿವಸ ಕುಳಿತು, ಬಂದ ಪೋಷಕರಿಗೆ ಕಾಗದಪತ್ರಗಳನ್ನು ನೋಡಿಕೊಡೋಣ. ಶಕ್ತಿಯಿದ್ದವರು ಕೈಲಾದಷ್ಟು ಕೊಟ್ಟು ಚಿಕ್ಕದೊಂದು ನಿಧಿಯನ್ನು ಮಾಡೋಣ; ವೇತನ ಬರುವ ತನಕ ಮೊದಲ ಕಂತಿಗೆ ಅದರಿಂದ ಬಡ್ಡಿಯಿಲ್ಲದೆ ಕೈಗಡ ಕೊಟ್ಟು, ಬಂದೊಡನೆ ಮರಳಿ ಪಡೆದು, ಮುಂದಿನ ಹುಡುಗಿಗೆ ಕೊಡೋಣ. ಶುಲ್ಕದ ಪಟ್ಟಿಯನ್ನು ಮಡಿಸಿ ಪಂಚಾಂಗದಲ್ಲಿಡುವ ತಂದೆ ಈ ವರ್ಷವೂ ಯಾವುದೋ ಮನೆಯಲ್ಲಿ ಇದ್ದೇ ಇರುತ್ತಾರೆ. ಆ ಮನೆಯ ಹುಡುಗಿ ಮರುಮಾತಾಡದೆ ಒಳಗೆ ಹೋಗುವುದಕ್ಕೆ ಮೊದಲು ನಾವು ಅಲ್ಲಿಗೆ ಮುಟ್ಟಬೇಕೆಂಬುದೇ ನನ್ನ ಆಸೆ.